ಗೋಡೆಗೆ ಬೆನ್ನು ಕೊಟ್ಟ ಕುರ್ಚಿ

2018ರ ಬೇಸಿಗೆಯಲ್ಲಿ ನಾನು ಹೈದರಾಬಾದಿನ ನಾಚಾರಂ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗದ ಮ್ಯಾನೇಜರ್ ಆಗಿದ್ದೆ. ಔಷಧ ಕಂಪನಿಗಳು ಕಳಿಸುವ ಮಾತ್ರೆಗಳನ್ನು ಸ್ಟ್ರಿಪ್‌ಗೆ ಹಾಕಿ, ಪೆಟ್ಟಿಗೆಗೆ ತುಂಬಿ ವಾಪಸು ಕಳಿಸುವುದು ನಮ್ಮ ಕೆಲಸ. ಪ್ಯಾಕಿಂಗ್ ಹಾಲ್‌ನಲ್ಲಿ ಇದ್ದವರೆಲ್ಲ ಹೆಂಗಸರೇ. ಅವರಲ್ಲಿ ಬಹಳ ಮಂದಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದವರು. ಗಂಡಂದಿರು ಕಟ್ಟಡದ ಕೆಲಸಕ್ಕೆ ಹೋದರೆ ಇವರು ನಮ್ಮಲ್ಲಿಗೆ ಬರುತ್ತಿದ್ದರು. ನಮ್ಮದು ಧಾರವಾಡದ ಕಡೆಯ ಮನೆತನವಾದರೂ ಅಪ್ಪನಿಗೆ ಇಲ್ಲಿನ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸವಿದ್ದುದರಿಂದ ನಾನು ಬೆಳೆದದ್ದೆಲ್ಲ ಹೈದರಾಬಾದಿನಲ್ಲೇ. ಹೊಸ್ತಿಲ ಹೊರಗೆ ತೆಲುಗು, ಹಿಂದಿ, ಒಳಗೆ ಕನ್ನಡ. ಇಡೀ ಕಾರ್ಖಾನೆಯಲ್ಲಿ ಆ ಹೆಂಗಸರ ಮಾತು ಬಲ್ಲ ಅಧಿಕಾರಿ ನಾನೊಬ್ಬಳೇ ಎಂಬುದು ನನಗೆ ಬಹಳ ಹೆಮ್ಮೆಯ ವಿಷಯವಾಗಿತ್ತು.

ಮುಂದೆ ಹೋಗುವ ಮೊದಲು ನನ್ನ ಸ್ವಭಾವದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಹೊಟ್ಟೆಕಿಚ್ಚಿನ ಹೆಂಗಸು. ಚಿಕ್ಕವಳಿದ್ದಾಗ ತಂಗಿಗೆ ಲಂಗ ತಂದರೆ ಅದರ ಜರಿ ನನ್ನದಕ್ಕಿಂತ ಅಗಲವಿದೆಯೇ ಎಂದು ಬೆರಳಿಟ್ಟು ಅಳೆಯುತ್ತಿದ್ದೆ. ‘ನಿನ್ನ ಹೊಟ್ಟಿ ಮ್ಯಾಲ ಹಂಚು ಇಟ್ರ ರೊಟ್ಟಿ ಬೇಯ್ತಾವ ನೋಡು’ ಎಂದು ಅವ್ವ ಬೈಯುತ್ತಿದ್ದಳು. ಹುದ್ದೆ ಏರಿದರೂ, ತಲೆ ನರೆತರೂ ಆ ಗುಣ ನನ್ನನ್ನು ಬಿಡಲಿಲ್ಲ. ಈಗ ಮಣಿಕೊಂಡದ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಎದುರು ಮನೆಯವರ ತುಳಸಿ ನಮ್ಮದಕ್ಕಿಂತ ಚೆನ್ನಾಗಿ ಚಿಗುರಿದ್ದಕ್ಕೂ ಒಳಗೊಳಗೇ ಉರಿಯುತ್ತೇನೆ. ಈ ಪ್ರಕರಣದಲ್ಲಿ ಹೊಟ್ಟೆಕಿಚ್ಚಿನದೇ ದೊಡ್ಡ ಪಾತ್ರ, ಅದಕ್ಕಾಗಿ ಇಷ್ಟು ಹೇಳಬೇಕಾಯಿತು.

ಇನ್ನೊಂದು ಮಾತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾನೂನು ದೂರುದಾರಳ ಗುರುತು ಹೊರಬೀಳಬಾರದು ಎನ್ನುತ್ತದೆ. ಆದ್ದರಿಂದ ಇಲ್ಲಿ ಬರುವ ಹೆಸರುಗಳೆಲ್ಲ ನಾನು ಇಟ್ಟವು, ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಪ್ಯಾಕಿಂಗ್ ಹಾಲ್‌ನಲ್ಲಿ ಕೆಲಸವೆಂದರೆ ನಿಂತೇ ಮಾಡುವ ಕೆಲಸ. ಬೆಲ್ಟಿನ ಎರಡೂ ಕಡೆ ಹೆಂಗಸರು ಸಾಲಾಗಿ ನಿಂತು ಸ್ಟ್ರಿಪ್‌ಗಳನ್ನು ಪೆಟ್ಟಿಗೆಗೆ ಹಾಕುತ್ತಾರೆ. ಇದಕ್ಕೆ ‘ಲೈನ್’ ಎಂದು ಹೆಸರು. ಹಾಲ್‌ನ ಮೂಲೆಯಲ್ಲಿ ಗಾಜಿನ ಗೋಡೆಯ ಒಂದು ಚಿಕ್ಕ ಕೋಣೆ ಇತ್ತು. ಒಡೆದ ಮಾತ್ರೆ, ಖಾಲಿ ಗೂಡು ಇರುವ ಸ್ಟ್ರಿಪ್‌ಗಳನ್ನು ಅಲ್ಲಿ ದೀಪದ ಕೆಳಗೆ ಹಿಡಿದು ನೋಡಿ ಬೇರ್ಪಡಿಸಬೇಕು. ಅದಕ್ಕೆ ಇನ್ಸ್‌ಪೆಕ್ಷನ್ ರೂಮ್ ಎನ್ನುತ್ತಿದ್ದೆವು. ಒಳಗೆ ಒಂದು ಎ.ಸಿ., ಒಂದು ಟೇಬಲ್, ಒಂದೇ ಒಂದು ಕುರ್ಚಿ. ಕೈ ಇರುವ, ಬೆನ್ನು ಇರುವ, ಗಾಲಿ ಇರುವ ಕುರ್ಚಿ. ಏಪ್ರಿಲ್ ತಿಂಗಳ ನಾಚಾರಂನಲ್ಲಿ, ತಗಡಿನ ಮಾಡಿನ ಕೆಳಗೆ ದಿನವಿಡೀ ನಿಂತವರಿಗೆ ಆ ಕುರ್ಚಿ ಹೇಗೆ ಕಂಡಿರಬೇಕು ನೀವೇ ಯೋಚಿಸಿ. ಅದರಲ್ಲಿ ಯಾರು ಕೂರಬೇಕೆಂದು ತೀರ್ಮಾನಿಸುವವನು ಹಾಲ್‌ನ ಇನ್‌ಚಾರ್ಜ್ ಪ್ರಭಾಕರ್. ಮ್ಯಾನೇಜ್‌ಮೆಂಟಿಗೆ ಬೇಕಾದವನು, ಮಾತಿನಲ್ಲಿ ಮೃದು, ಲಾರಿ ಎಂದೂ ತಡವಾಗದಂತೆ ಮಾಲು ಕಳಿಸುತ್ತಿದ್ದ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಕುರ್ಚಿ ರೇಣುಕಾಳಿಗೆ ಸಿಕ್ಕಿತು. ಯಾದಗಿರಿ ಕಡೆಯ ಹುಡುಗಿ, ಇಪ್ಪತ್ತೈದರ ಆಸುಪಾಸು, ಕಂಟ್ರಾಕ್ಟ್ ಮೇಲೆ ಬಂದು ವರ್ಷವೂ ಆಗಿರಲಿಲ್ಲ. ಇಡೀ ಹಾಲ್‌ನ ಹೊಟ್ಟೆಗೆ ಬೆಂಕಿ ಬಿತ್ತು. ಮಧ್ಯಾಹ್ನದ ಊಟಕ್ಕೆ ನಮ್ಮ ಹೆಂಗಸರದು ಒಂದು ಪದ್ಧತಿ ಇತ್ತು. ಎಲ್ಲರೂ ಗುಂಡಗೆ ಕೂತು ಡಬ್ಬಿಗಳನ್ನು ನಡುವೆ ತೆರೆದಿಡುವುದು, ಯಾರ ಡಬ್ಬಿಗೆ ಯಾರಾದರೂ ಕೈ ಹಾಕುವುದು. ಕುರ್ಚಿ ಸಿಕ್ಕ ಮೇಲೆ ರೇಣುಕಾಳ ಡಬ್ಬಿಗೆ ಯಾರೂ ಕೈ ಹಾಕಲಿಲ್ಲ. ಅವಳು ತೆರೆದಿಡುತ್ತಿದ್ದಳು, ಊಟ ಮುಗಿದ ಮೇಲೆ ತುಂಬಿದ್ದನ್ನೇ ಮುಚ್ಚಿಕೊಂಡು ಹೋಗುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ನಾಲ್ಕು ದಿನದ ಮುನಿಸು, ತಾನೇ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಏಪ್ರಿಲ್‌ನಲ್ಲಿ ಮಹಾದೇವಿ ನನ್ನ ಕೋಣೆಗೆ ನುಗ್ಗಿದಳು. ಸೇಡಂ ಕಡೆಯವಳು, ಲೈನಿನ ಹಳೆಯ ಕೈ, ಬಾಯಿ ಜೋರು. ಆ ಕುರ್ಚಿಗೆ ತನ್ನದೇ ಸರದಿ ಎಂದು ಬಹಳ ದಿನದಿಂದ ಕಾದಿದ್ದವಳು.

“ಮೇಡಂರೀ, ನಾ ಏನ್ ಕಡಿಮಿ ಮಾಡೀನ್ರಿ? ನಿಂತು ನಿಂತು ಕಾಲು ಬಾತಾವ. ನಿನ್ನೆ ಮೊನ್ನೆ ಬಂದಾಕಿಗೆ ಕುರ್ಚಿ. ಅದೂ ಗಾಲಿ ಕುರ್ಚಿ!”

“ಇನ್‌ಚಾರ್ಜ್ ತೀರ್ಮಾನ ಅದು, ಮಹಾದೇವಿ,” ಎಂದೆ.

“ಇರಲಿ. ಕುರ್ಚಿ ಕೊಟ್ಟಾರ, ಲೈಟ್ ಕೊಟ್ಟಾರ. ಆಕಿಗೆ ಅದೂ ಸಾಲವಲ್ದು. ದಿನಾ ಮುಂಜಾನೆ ಬಂದು ಕುರ್ಚಿ ದರದರ ಎಳಕೊಂಡು ಹೋಗಿ ಗ್ವಾಡಿಗೆ ಹಚ್ಚತಾಳ. ಲೈಟ್ ಒಂದ್ ಕಡಿ, ಈಕಿ ಒಂದ್ ಕಡಿ. ಅರಮನಿ ಆಗೇತೇನ್ರಿ ಅದು, ಬೇಕಾದಂಗ ಸಾಮಾನು ಸರಿಸಾಕ?”

ನನಗೆ ಒಳಗೊಳಗೇ ನಗು ಬಂತು. ಜರಿ ಅಳೆಯುವ ನನ್ನ ಬೆರಳೇ ನೆನಪಾಯಿತು. ಹೊಟ್ಟೆಕಿಚ್ಚಿನಲ್ಲಿ ನಮ್ಮ ಜಾತಿಯವಳು ಇವಳು ಎಂದುಕೊಂಡು ಸಮಾಧಾನ ಹೇಳಿ ಕಳಿಸಿದೆ. ಆದರೂ ಮರುದಿನ ಹಾಲ್‌ಗೆ ಹೋದಾಗ ಗಾಜಿನ ಕೋಣೆಯ ಬಾಗಿಲು ತೆಗೆದು ಒಳಗೆ ಹೋದೆ. ಮಹಾದೇವಿ ಹೇಳಿದ್ದು ನಿಜವೇ. ದೀಪ ನಡುವೆ ಉರಿಯುತ್ತಿತ್ತು, ರೇಣುಕಾ ಗೋಡೆಗೆ ಕುರ್ಚಿ ಒತ್ತಿ ಕೂತು, ಸ್ಟ್ರಿಪ್ಪನ್ನು ಬೆಳಕಿನ ಕಡೆ ದೂರ ಚಾಚಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಯಾಕವ್ವಾ ಇಲ್ಲಿ ಕೂತೀ ಎಂದು ಕೇಳಿದೆ.

“ಇಲ್ಲೇ ಛಲೋ ಐತ್ರಿ, ಮೇಡಂ,” ಎಂದಳು. ನಾನು ಹೊರಡಲು ತಿರುಗಿದಾಗ, “ನನಗ ತಿರಗಿ ಲೈನಿಗೇ ಹಾಕ್ರಿ. ಕುಂತು ಕುಂತು ನಡ ನೋಯತೈತಿ,” ಎಂದಳು.

ಕೂತು ಮಾಡುವ ಕೆಲಸ ಬಿಟ್ಟು ನಿಂತು ಮಾಡುವ ಕೆಲಸ ಬೇಡುವವಳನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ. ಇನ್‌ಚಾರ್ಜ್‌ಗೆ ಹೇಳುತ್ತೇನೆ ಎಂದು ಬಂದೆ.

ಕಾನೂನಿನ ಪ್ರಕಾರ ಹತ್ತು ಜನಕ್ಕಿಂತ ಕಡಿಮೆಯಿಲ್ಲದ ಪ್ರತಿ ಕೆಲಸದ ಸ್ಥಳದಲ್ಲೂ ಒಂದು ಆಂತರಿಕ ಸಮಿತಿ ಇರಬೇಕು. ಹಿರಿಯ ಮಹಿಳಾ ಉದ್ಯೋಗಿ ಅದರ ಅಧ್ಯಕ್ಷೆ. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರು. ಒಬ್ಬರು ಹೊರಗಿನವರು, ಈ ವಿಷಯ ಬಲ್ಲವರು. ನಮ್ಮ ಸಮಿತಿಗೆ ನಾನು ಅಧ್ಯಕ್ಷೆ. ಲ್ಯಾಬಿನ ಕೆಮಿಸ್ಟ್ ಒಬ್ಬಾಕೆ, ಮೆಂಟೆನೆನ್ಸ್ ಇಂಜಿನಿಯರ್ ಒಬ್ಬರು, ಹೊರಗಿನಿಂದ ಅನುರಾಧ. ಅನುರಾಧ ತೆಲುಗಿನವಳು, ಮಹಿಳೆಯರಿಗೆ ಸಲಹೆ ನೀಡುವ ಸಂಸ್ಥೆಯಲ್ಲಿದ್ದಳು, ನನಗಿಂತ ಹದಿನೆಂಟು ವರ್ಷ ಚಿಕ್ಕವಳು. ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು ಬಂದರೆ ಸೀರೆಯ ನೆರಿಗೆ ಸಂಜೆಯವರೆಗೆ ಕದಲುತ್ತಿರಲಿಲ್ಲ. ಬಂದ ಮೊದಲ ದಿನವೇ ನನ್ನನ್ನು ‘ಅಮ್ಮಾ’ ಎಂದು ಕರೆದಳು. ತೆಲುಗಿನಲ್ಲಿ ಅದು ಮರ್ಯಾದೆಯ ಮಾತು. ಮರ್ಯಾದೆಯೇ ಆದರೂ ನನಗೆ ಹಿಡಿಸಲಿಲ್ಲ.

ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಇತ್ತು, ಮುಚ್ಚಿಡುವುದೇನು. ಮೂರು ತಿಂಗಳಿಗೊಮ್ಮೆ ಅವಳು ಬಂದು ಹೆಂಗಸರಿಗೆ ಕಾನೂನು ತಿಳಿಸುವ ಸಭೆ ನಡೆಸುತ್ತಿದ್ದಳು. ಪ್ರತಿದಿನ ಅವರ ರಜೆ, ಪಿ.ಎಫ್., ಮಕ್ಕಳ ಜ್ವರ ಎಲ್ಲ ನೋಡುವವಳು ನಾನು. ವರ್ಷಕ್ಕೆ ನಾಲ್ಕು ಸಲ ಬರುವ ಇವಳ ಸುತ್ತ ಸಭೆ ಮುಗಿದ ಮೇಲೂ ಹೆಂಗಸರು ಮುತ್ತಿಕೊಂಡಿರುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂದು ಗೊಣಗಿಕೊಂಡು ನಾನು ಚಹಾಕ್ಕೆ ಹೇಳಿಕಳಿಸುತ್ತಿದ್ದೆ.

ಆ ಏಪ್ರಿಲ್‌ನ ಸಭೆ ಮುಗಿಸಿ ನಾವಿಬ್ಬರೂ ನನ್ನ ಕೋಣೆಯಲ್ಲಿ ಊಟಕ್ಕೆ ಕೂತಿದ್ದೆವು. ಕಾರ್ಖಾನೆಯಲ್ಲಿ ಎಂತೆಂಥ ದೂರು ಬರುತ್ತವೆ ನೋಡು ಎಂದು ನಾನು ನಗುತ್ತ ಮಹಾದೇವಿಯ ಕಥೆ ಹೇಳಿದೆ. ಕುರ್ಚಿ, ಗೋಡೆ, ಅರಮನೆ, ಎಲ್ಲ. ಅನುರಾಧ ನಗಲಿಲ್ಲ. ತುತ್ತು ಕೈಯಲ್ಲೇ ಉಳಿಯಿತು.

“ಆ ಕುರ್ಚಿಯ ಹಿಂದೆ ಯಾರು ನಿಲ್ಲುತ್ತಾರೆ, ಅಮ್ಮಾ?” ಎಂದು ಕೇಳಿದಳು.

ನನಗೆ ರೇಣುಕಾಳ ಬಗ್ಗೆ ಸಂಕಟವಾಯಿತು. ಅದರ ಜೊತೆಗೇ, ಆ ಪ್ರಶ್ನೆ ಇವಳ ಬಾಯಿಂದ ಬಂತಲ್ಲ ಎಂಬ ಉರಿಯೂ ಹತ್ತಿತು. ಕುರ್ಚಿಯನ್ನು ಕಣ್ಣಾರೆ ನೋಡಿದವಳು ನಾನು. ಇವಳು ಕೋಣೆಯನ್ನೇ ನೋಡಿರಲಿಲ್ಲ.

ರೇಣುಕಾಳ ಜೊತೆ ಮೊದಲು ನಾನೇ ಮಾತಾಡುತ್ತೇನೆ ಎಂದು ಹಟ ಹಿಡಿದೆ. ನಮ್ಮ ಭಾಷೆಯವಳು, ನನ್ನ ಹತ್ತಿರ ಬಾಯಿ ಬಿಡುತ್ತಾಳೆ ಎಂದು ಜಂಬದಿಂದಲೇ ಹೇಳಿದೆ. ಕರೆಸಿ ಕೂರಿಸಿ, ಆದಷ್ಟು ಮೆತ್ತಗೆ ಕನ್ನಡದಲ್ಲಿ ಕೇಳಿದೆ. ಅವಳು ನೆಲ ನೋಡುತ್ತ ಕೂತಳು. ಏನೂ ಇಲ್ರಿ ಎಂದಳು. ಮತ್ತೆ ಕೇಳಿದರೆ ಕಣ್ಣಲ್ಲಿ ನೀರು ತುಂಬಿತೇ ವಿನಾ ಮಾತು ಬರಲಿಲ್ಲ. ಕೊನೆಗೆ ನಾನು ಎದ್ದು ಅನುರಾಧಳನ್ನು ಒಳಗೆ ಕಳಿಸಿ, ಬಾಗಿಲ ಹೊರಗೆ ಪ್ಯೂನ್ ಕೂರುವ ಸ್ಟೂಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ರೇಣುಕಾಳ ಧ್ವನಿ ಕೇಳಿಸತೊಡಗಿತು. ಹರಕುಮುರುಕು ತೆಲುಗಿನಲ್ಲಿ ಮಾತಾಡುತ್ತಿದ್ದಳು. ಬರದ ಭಾಷೆಯಲ್ಲಿ ತಡವರಿಸುತ್ತ, ನಿಲ್ಲದೆ ಮಾತಾಡುತ್ತಿದ್ದಳು. ಆ ಸ್ಟೂಲಿನ ಮೇಲೆ ನಾನು ಪಟ್ಟ ಸಂಕಟವನ್ನು ಏನೆಂದು ಹೇಳಲಿ. ಸ್ವಂತ ಮಗಳು ಪಕ್ಕದ ಮನೆಯವಳ ಮಡಿಲಲ್ಲಿ ತಲೆಯಿಟ್ಟು ಅತ್ತಂತಿತ್ತು.

ಅವಳು ಹೇಳಿದ್ದರ ಸಾರ ಇಷ್ಟು. ಸ್ಟ್ರಿಪ್ ನೋಡುವ ನೆಪದಲ್ಲಿ ಪ್ರಭಾಕರ್ ಬಂದು ಕುರ್ಚಿಯ ಹಿಂದೆ ನಿಲ್ಲುತ್ತಿದ್ದ. ಕುರ್ಚಿಯ ಎರಡೂ ಕೈಗಳ ಮೇಲೆ ತನ್ನ ಕೈಯಿಟ್ಟು ಬಾಗುತ್ತಿದ್ದ. ಅವಳ ಜಡೆ, ಕುಪ್ಪಸದ ಬಗ್ಗೆ ಮಾತಾಡುತ್ತಿದ್ದ. ‘ನಾನು ಕುರ್ಚಿ ಕೊಟ್ಟೆ, ನೀನೇನು ಕೊಡುತ್ತೀ’ ಎಂದು ಕೇಳುತ್ತಿದ್ದ. ಹಿಂದೆ ಯಾರೂ ನಿಲ್ಲಲು ಆಗಬಾರದೆಂದು ಅವಳು ಕುರ್ಚಿಯನ್ನು ಗೋಡೆಗೆ ಒತ್ತಿಕೊಂಡಳು. ನಾನು ಹೋಗಿ ಬಂದ ಎರಡು ಮೂರು ದಿನದಲ್ಲೇ ಅವನು ದೀಪದ ಕೆಳಗೆ, ಕುರ್ಚಿಯ ಗಾಲಿಗಳ ಸುತ್ತ ನೆಲಕ್ಕೆ ಹಳದಿ ಟೇಪು ಹಚ್ಚಿಸಿದ. ಕುರ್ಚಿ ಆ ಚೌಕ ದಾಟಬಾರದು ಎಂದು ಆಜ್ಞೆ. ಲೈನಿಗೆ ಕಳಿಸಿ ಎಂದು ಬೇಡಿದ್ದಕ್ಕೆ, ನಿನ್ನ ಕಂಟ್ರಾಕ್ಟ್ ಜೂನ್‌ಗೆ ಮುಗಿಯುತ್ತದೆ, ಕಂಟ್ರಾಕ್ಟರ್ ನನ್ನ ಮಾತು ಕೇಳುತ್ತಾನೆ ಎಂದನಂತೆ. ಗಂಡ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಇವಳ ದುಡಿಮೆಯೊಂದೇ ಮನೆ ನಡೆಸುತ್ತಿತ್ತು.

ಬಹಳ ಜನ ತಿಳಿದಿರುವುದು, ಮೈಮೇಲೆ ಬಿದ್ದರೆ ಮಾತ್ರ ಅದು ಲೈಂಗಿಕ ಕಿರುಕುಳ ಎಂದು. ಕಾನೂನು ಹಾಗೆ ಹೇಳುವುದಿಲ್ಲ. ಬೇಡದ ಸ್ಪರ್ಶ, ಲೈಂಗಿಕ ಅರ್ಥದ ಮಾತು, ಬೇಡಿಕೆ, ಅಶ್ಲೀಲ ಚಿತ್ರ ತೋರಿಸುವುದು ಎಲ್ಲವೂ ಅದರಲ್ಲಿ ಬರುತ್ತವೆ. ಇಂಥ ನಡತೆಯ ಜೊತೆ ಕೆಲಸದಲ್ಲಿ ವಿಶೇಷ ಅನುಕೂಲದ ಆಸೆ ತೋರಿಸುವುದನ್ನೂ, ಕೆಲಸ ಹೋಗುತ್ತದೆ ಎಂದು ಹೆದರಿಸುವುದನ್ನೂ ಕಾನೂನು ಹೆಸರಿಸಿಯೇ ಹೇಳುತ್ತದೆ. ಕಂಟ್ರಾಕ್ಟ್ ಕೆಲಸದವಳು, ದಿನಗೂಲಿಯವಳು, ತರಬೇತಿಗೆ ಬಂದವಳು, ಎಲ್ಲರಿಗೂ ಅದು ಅನ್ವಯಿಸುತ್ತದೆ. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಬರೆಯಲು ಬಾರದವಳಿಗೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ. ರೇಣುಕಾಳ ದೂರನ್ನು ಕೆಮಿಸ್ಟ್ ಮತ್ತು ಅನುರಾಧ ಕೂತು ಬರೆದುಕೊಟ್ಟರು, ಓದಿ ಹೇಳಿದರು, ಅವಳು ಸಹಿ ಹಾಕಿದಳು. ವಿಚಾರಣೆ ಮುಗಿಯುವವರೆಗೆ ಪ್ರಭಾಕರ್‌ನನ್ನು ಸ್ಟೋರ್ಸ್‌ಗೆ ಕಳಿಸಬೇಕೆಂದು ಅವಳು ಕೇಳಿಕೊಂಡಳು, ಸಮಿತಿ ಶಿಫಾರಸು ಮಾಡಿತು.

ಕಾರ್ಖಾನೆಯ ಮುಖ್ಯಸ್ಥರಾದ ಜಿ.ಎಂ. ನನ್ನನ್ನು ಕರೆಸಿ, ಇಬ್ಬರನ್ನೂ ಕೂರಿಸಿ ಒಂದು ಮಾತು ಹೇಳಿ ಮುಗಿಸಬಾರದೇ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ರಾಜಿ ಬೇಕೆಂದು ಕೇಳುವ ಹಕ್ಕು ದೂರು ಕೊಟ್ಟವಳಿಗೆ ಮಾತ್ರ, ನಮಗಲ್ಲ ಎಂದು ಹೇಳಿ ಹೊರಬಂದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಯನ್ನೇ ಕೇಳಿ ತೀರ್ಮಾನ ಮಾಡುವುದು ಹೇಗೆ?

ಪ್ರಭಾಕರ್ ಉತ್ತರ ಕೊಟ್ಟ. ಬುದ್ಧಿವಂತ ಉತ್ತರ. ಬಡವಳೆಂದು ಕನಿಕರದಿಂದ ಕೂತು ಮಾಡುವ ಕೆಲಸ ಕೊಟ್ಟೆ, ಅದೇ ನನ್ನ ತಪ್ಪಾಯಿತು. ಅವಳು ತಿಂಗಳುಗಟ್ಟಲೆ ಸುಮ್ಮನೆ ಕೂತು ಸುಖಪಟ್ಟಳು. ಈ ಗದ್ದಲವೆಲ್ಲ ಹುಟ್ಟಿದ್ದು ಕುರ್ಚಿ ಸಿಗದ ಮಹಾದೇವಿಯ ಹೊಟ್ಟೆಕಿಚ್ಚಿನಿಂದ. ಟೇಪು ಹಚ್ಚಿಸಿದ್ದು ಕ್ವಾಲಿಟಿಗಾಗಿ, ಕುರ್ಚಿ ದೀಪದ ಕೆಳಗೇ ಇರಲಿ ಎಂದು. ಹೀಗೆ ಬರೆದಿದ್ದ. ಹಾಲ್‌ನಲ್ಲೂ ಇದೇ ಮಾತು ಓಡಾಡಿತು. ಕುರ್ಚಿಯೂ ಬೇಕು, ದೂರೂ ಬೇಕು ಈಕೆಗೆ ಎಂದರು. ನಮ್ಮ ಇಂಜಿನಿಯರ್ ಒಳ್ಳೆಯ ಮನುಷ್ಯ, ಅವರಿಗೂ ಅನುಮಾನ ಬಂತು. ಆ ಕೋಣೆಯ ಮೇಲೆ ಸದಾ ಕಣ್ಣಿಟ್ಟಿದ್ದವಳು ಮಹಾದೇವಿ ಒಬ್ಬಳೇ, ಅವಳಿಗೋ ರೇಣುಕಾಳನ್ನು ಕಂಡರಾಗದು, ಅಂಥವಳ ಸಾಕ್ಷಿಯನ್ನು ಹೇಗೆ ನಂಬುವುದು ಎಂದರು.

ಅದಕ್ಕೂ ಮೊದಲು ಮಹಾದೇವಿ ಬಾಯಿ ಬಿಡಬೇಕಿತ್ತಲ್ಲ. ಕರೆಸಿ ಕೇಳಿದೆ.

“ಆಕಿ ಸಲುವಾಗಿ ನಾ ಯಾಕ್ ಹೇಳಲ್ರಿ? ನಾಳಿ ನನ್ನ ಕೆಲಸಕ್ಕ ಕುತ್ತು ಬಂದರ ಆಕಿ ಉಣ್ಣಾಕ ಹಾಕತಾಳೇನು?”

“ಸಾಕ್ಷಿ ಹೇಳಿದ್ದಕ್ಕೆ ನಿನ್ನ ಕೆಲಸ ಹೋಗದಂಗ ನೋಡೋದು ನನ್ನ ಜವಾಬ್ದಾರಿ,” ಎಂದೆ. “ಆಕಿ ಸಲುವಾಗಿ ಏನೂ ಹೇಳಬ್ಯಾಡ. ನೀ ಕಂಡದ್ದಷ್ಟ ಹೇಳು.”

“ನನಗ ಆಕಿ ಕಂಡ್ರ ಆಗಂಗಿಲ್ಲ ಅಂತ ಊರಿಗೆಲ್ಲ ಗೊತ್ತೈತ್ರಿ.”

“ಅದನ್ನೂ ಹೇಳು.”

ಅವಳು ನನ್ನ ಮುಖವನ್ನೇ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಲೈನಿಗೆ ಹೊರಟುಹೋದಳು.

ವಿಚಾರಣೆಗೆ ಮುಂಚಿನ ಭಾನುವಾರ, ಹಾಲ್ ಖಾಲಿಯಿದ್ದಾಗ, ಸಮಿತಿಯ ನಾಲ್ವರೂ ಆ ಕೋಣೆ ನೋಡಲು ಹೋದೆವು. ಹಳದಿ ಚೌಕದೊಳಗೆ ಕುರ್ಚಿ ಇತ್ತು. ಗಾಜಿನ ಗೋಡೆಗೆ ಸುರಕ್ಷತೆಯ ಪೋಸ್ಟರುಗಳನ್ನು ಒತ್ತೊತ್ತಾಗಿ ಅಂಟಿಸಿದ್ದರಿಂದ ಹೊರಗಿನವರಿಗೆ ಒಳಗಿನದು ಸರಿಯಾಗಿ ಕಾಣುತ್ತಿರಲಿಲ್ಲ. ಮಹಾದೇವಿ ನಿಲ್ಲುವ ಜಾಗದಿಂದ ಮಾತ್ರ ಎರಡು ಪೋಸ್ಟರುಗಳ ನಡುವೆ ಕುರ್ಚಿ ಕಾಣುತ್ತಿತ್ತು. ನಾನು ಕುರ್ಚಿಯಲ್ಲಿ ಕೂತು ದೀಪದ ಕೆಳಗೆ ಸ್ಟ್ರಿಪ್ ಹಿಡಿದೆ. ಬಾಗಿಲು ನನ್ನ ಬೆನ್ನಿಗಿತ್ತು. ಅನುರಾಧ ಮಾತಾಡದೆ ಬಂದು ನನ್ನ ಹಿಂದೆ ನಿಂತಳು. ಮುಟ್ಟಲಿಲ್ಲ, ಬಾಗಲಿಲ್ಲ. ಸುಮ್ಮನೆ ನಿಂತಳು. ಅದು ಅನುರಾಧ ಎಂದು ನನಗೆ ಗೊತ್ತು, ಸೀರೆಯ ಗಂಜಿಯ ಸದ್ದೂ ಕೇಳಿತ್ತು. ಆದರೂ ನನ್ನ ಬೆನ್ನು ಸೆಟೆದುಕೊಂಡಿತು. ಕಣ್ಣೆದುರಿನ ಮಾತ್ರೆ ಕಾಣದಾಯಿತು. ಅಷ್ಟು ಹೊತ್ತಿಗೇ ನನಗೆ ಹಾಗಾದರೆ, ಆ ಹುಡುಗಿ ದಿನವೂ ಅಲ್ಲಿ ಹೇಗೆ ಕೂತಿದ್ದಳು?

ಇಂಜಿನಿಯರ್ ದೀಪವನ್ನೇ ನೋಡುತ್ತ ನಿಂತಿದ್ದರು. “ಟೇಪು ಹಚ್ಚಿದವರು ನಮ್ಮವರೇ,” ಎಂದರು. “ಆದರೆ ಕ್ವಾಲಿಟಿಯ ಮಾತಾಗಿದ್ದರೆ ದೀಪವನ್ನು ಗೋಡೆಯ ಕಡೆಗೆ ಸರಿಸಿದ್ದರೆ ಆಗುತ್ತಿತ್ತು. ಎರಡು ಸ್ಕ್ರೂ ಬಿಚ್ಚುವ ಕೆಲಸ. ನನ್ನನ್ನು ಯಾರೂ ಕೇಳಲಿಲ್ಲ.” ಆ ಮೇಲೆ ಅವರು ಅನುಮಾನದ ಮಾತು ಆಡಲಿಲ್ಲ.

ವಿಚಾರಣೆಯ ದಿನ ಮಹಾದೇವಿ ಬಂದಳು. ಬರುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಹೊಸ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ಪ್ರಭಾಕರ್ ಲಿಖಿತವಾಗಿ ಕೊಟ್ಟಿದ್ದ ಪ್ರಶ್ನೆಗಳಲ್ಲಿ ಮೊದಲನೆಯದನ್ನೇ ಇಂಜಿನಿಯರ್ ಹಿಂದಿಯಲ್ಲಿ ಓದಿದರು, ನಾನು ಕನ್ನಡದಲ್ಲಿ ಹೇಳಿದೆ. ಆ ಕುರ್ಚಿ ನಿನಗೆ ಬೇಕಿತ್ತೋ ಇಲ್ಲವೋ?

“ಬೇಕಿತ್ತರಿ. ಈಗೂ ಬೇಕು,” ಎಂದಳು ಮಹಾದೇವಿ. “ಆಕಿ ಕುಂತದ್ದು ನೋಡಿ ನನ್ನ ಹೊಟ್ಟಿ ಉರೀತಿತ್ತು. ಉರದದ್ದಕ್ಕ ಆ ಕಡಿಯಿಂದ ಕಣ್ಣು ತಗೀಲಿಲ್ಲ. ಉಳದವರೆಲ್ಲ ಮಾತ್ರಿ ನೋಡತಿದ್ರು, ನಾ ಆಕೀನ್ನ ನೋಡತಿದ್ದೆ.”

“ಏನು ನೋಡಿದೆ?”

“ಸಾಹೇಬರು ಒಳಗ ಬಂದ್ರ ಆಕಿ ಎದ್ದು ನಿಂದರತಿದ್ಲು. ಅವರು ಭುಜ ಹಿಡದು ಕುಂಡ್ರಸತಿದ್ರು. ಆಕಿ ಮತ್ತ ಏಳತಿದ್ಲು, ಇವರು ಮತ್ತ ಕುಂಡ್ರಸತಿದ್ರು. ಆಮ್ಯಾಲ ಹಿಂದ ನಿಂತು ಬಗ್ಗತಿದ್ರು. ಆಕಿ ಹಿಂಗ ಮುದುಡಕೊಂಡು ಕುಂತಿರತಿದ್ಲು.” ಮಹಾದೇವಿ ತನ್ನ ಎರಡೂ ಭುಜಗಳನ್ನು ಕಿವಿಯವರೆಗೆ ಎಳೆದುಕೊಂಡು ತೋರಿಸಿದಳು. ಹಾಗೇ ಸ್ವಲ್ಪ ಹೊತ್ತು ಕೂತಳು. ಅವಳ ದನಿ ಇಳಿಯಿತು. “ನಾ ಅದನ್ನ ಅಕ್ಕರತಿ ಅಂತ ತಿಳಕೊಂಡೆರಿ. ಈಕಿಗೆ ಎಷ್ಟ್ ಅಕ್ಕರತಿ ಮಾಡತಾರ, ನಮಗ್ಯಾಕ ಇಲ್ಲ ಅಂತ ಉರಕೊಂಡೆ.”

ನಾನು ಆ ಮಾತನ್ನು ಹಿಂದಿಗೆ ತಿರುಗಿಸಿ ಹೇಳಿದೆ.

ಹೊಟ್ಟೆಕಿಚ್ಚಿದೆ ಎಂದು ಸಾಕ್ಷಿಯೇ ಒಪ್ಪಿಕೊಂಡ ಮೇಲೆ ಪ್ರಭಾಕರ್‌ನ ವಾದದಲ್ಲಿ ಉಳಿದದ್ದೇನೂ ಇರಲಿಲ್ಲ. ಕಂಡರಾಗದವಳ ಪರವಾಗಿ ಸುಳ್ಳು ಹೇಳಿ ಅವಳಿಗೇನು ಲಾಭ? ಅವಳು ಹೇಳಿದ್ದಕ್ಕೂ ರೇಣುಕಾ ಬರೆಸಿದ್ದಕ್ಕೂ, ಕೋಣೆಯಲ್ಲಿ ನಾವು ಕಂಡದ್ದಕ್ಕೂ ತಾಳೆಯಾಯಿತು. ಕಾನೂನು ಕೊಟ್ಟಿರುವ ತೊಂಬತ್ತು ದಿನಗಳ ಒಳಗೇ ವಿಚಾರಣೆ ಮುಗಿಸಿ, ಆರೋಪ ಸಾಬೀತಾಗಿದೆ, ಪ್ರಭಾಕರ್‌ನನ್ನು ಸೇವೆಯಿಂದ ತೆಗೆಯಬೇಕು ಎಂದು ವರದಿ ಕೊಟ್ಟೆವು. ಜಿ.ಎಂ. ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದರು. ಜೂನ್‌ನಲ್ಲಿ ರೇಣುಕಾಳ ಕಂಟ್ರಾಕ್ಟ್ ಮುಂದುವರಿಯಿತು. ಅವಳು ಕೇಳಿದಂತೆ ಲೈನಿಗೆ ಹಾಕಿದೆವು.

ಶಿಕ್ಷೆ ಕೊಟ್ಟು ಕೈ ತೊಳೆದುಕೊಂಡರೆ ಅರ್ಧ ಕೆಲಸ ಮಾಡಿದಂತೆ. ಮತ್ತೊಬ್ಬ ಪ್ರಭಾಕರ್ ಬಂದರೆ ಅವನ ಕೈಗೂ ಅದೇ ಕುರ್ಚಿ ಸಿಗಬಾರದು. ದೀಪವನ್ನು ಗೋಡೆಯ ಕಡೆ ಸರಿಸಿ, ಕುರ್ಚಿಯ ಬೆನ್ನು ಶಾಶ್ವತವಾಗಿ ಗೋಡೆಗೆ ಬರುವಂತೆ, ಮುಖ ಬಾಗಿಲಿಗೆ ಇರುವಂತೆ ಮಾಡಿದೆವು. ಗಾಜಿನ ಮೇಲಿನ ಪೋಸ್ಟರುಗಳನ್ನು ಕಿತ್ತೆವು. ಕುರ್ಚಿಯ ಕೆಲಸ ಯಾರೊಬ್ಬರ ಕೃಪೆಯೂ ಅಲ್ಲದೆ, ವಾರಕ್ಕೊಬ್ಬರಂತೆ ಸರದಿಯಲ್ಲಿ ಎಲ್ಲರಿಗೂ ಬರಬೇಕೆಂದು ನಿಯಮ ಮಾಡಿದೆವು. ಕಂಟ್ರಾಕ್ಟ್ ಮುಂದುವರಿಸುವ ವಿಷಯದಲ್ಲಿ ಇನ್‌ಚಾರ್ಜ್‌ನ ಬಾಯಿಮಾತು ನಡೆಯದಂತೆ ಮಾಡಿದೆವು. ತಿಳಿವಳಿಕೆಯ ಸಭೆಯನ್ನು ತೆಲುಗಿನ ಜೊತೆ ಕನ್ನಡದಲ್ಲೂ ನಡೆಸತೊಡಗಿದೆವು. ಕನ್ನಡದ ಸಭೆ ನನ್ನದು. ಅದನ್ನು ನಾನು ಅನುರಾಧಳಿಗೆ ಬಿಟ್ಟುಕೊಡಲಿಲ್ಲ.

ಮಹಾದೇವಿಯ ಸರದಿ ಬಂದ ವಾರ ನಾನು ಬೇಕೆಂದೇ ನೋಡಲು ಹೋದೆ. ಕಾಲಮೇಲೆ ಕಾಲು ಹಾಕಿ ಕೂತಿದ್ದಳು.

“ಈಗ ಹೊಟ್ಟಿ ತಣ್ಣಗಾತೇನು?” ಎಂದೆ.

“ಎಲ್ಲೀದ್ರಿ! ಸೋಮವಾರ ಇನ್ನೊಬ್ಬಾಕಿ ಕುಂಡ್ರತಾಳ. ಮತ್ತ ಆಕೀನ್ನ ನೋಡಿಕೋತ ನಿಂದರೂದು.”

ಅದೇ ವಾರ ಊಟದ ಹೊತ್ತಿಗೆ ಅವಳು ರೇಣುಕಾಳ ಎದುರಿಗೆ ಹೋಗಿ ಕೂತಳು. ಅವಳ ಡಬ್ಬಿಗೆ ಕೈ ಹಾಕಿ ಪುಂಡಿಪಲ್ಯ ತೆಗೆದು ರೊಟ್ಟಿಗೆ ಹಚ್ಚಿ ತಿಂದಳು. “ಉಪ್ಪು ಕಡಿಮಿ ಐತಿ,” ಎಂದಳು. ಮರುಕ್ಷಣ ಇನ್ನೂ ನಾಲ್ಕು ಕೈ ಆ ಡಬ್ಬಿಗೆ ಬಿದ್ದವು. ರೇಣುಕಾಳಿಗೆ ತಿನ್ನಲು ಏನೂ ಉಳಿಯಲಿಲ್ಲ. ಅವಳು ಮಹಾದೇವಿಯ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

ಇಂಥ ದೂರುಗಳು ಬಂದಾಗ ‘ಹೆಣ್ಣಿಗೆ ಹೆಣ್ಣೇ ಶತ್ರು’ ಎಂದು ಹೇಳಿ ಫೈಲು ಮುಚ್ಚುವವರನ್ನು ನಾನು ಬಹಳ ಕಂಡಿದ್ದೇನೆ. ಈ ಕೆಲಸ ನನಗೆ ಕಲಿಸಿದ್ದು ಬೇರೆ. ಇವಳಿಗೆ ಮಾತ್ರ ಯಾಕೆ ಅನುಕೂಲ ಎಂದು ಯಾರಾದರೂ ಹೊಟ್ಟೆ ಉರಿದುಕೊಂಡು ಬಂದರೆ ಅವರನ್ನು ಕೂರಿಸಿ, ಏನು ಕಂಡೆ ಎಂದು ಪೂರ್ತಿ ಕೇಳಬೇಕು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ. ಯಾರೂ ನೋಡದ ಕಡೆ ಹೊಟ್ಟೆಕಿಚ್ಚಿನವಳಾದರೂ ನೋಡುತ್ತಿರುತ್ತಾಳೆ. ಕೊಟ್ಟ ಅನುಕೂಲವನ್ನು ಒಬ್ಬಳು ಬೇಡ ಎಂದರೆ, ಅದಕ್ಕೆ ಅವಳು ಏನು ತೆರುತ್ತಿದ್ದಾಳೆ ಎಂದು ಅವತ್ತೇ ಕೇಳಬೇಕು.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಲೇ ಇತ್ತು. ವರದಿಯ ಪ್ರತಿ ತೆಗೆದುಕೊಳ್ಳಲು ರೇಣುಕಾ ಬಂದ ದಿನ ಬಾಯಿಬಿಟ್ಟು ಕೇಳಿಯೇಬಿಟ್ಟೆ. ನಾನು ಕನ್ನಡದಲ್ಲಿ ಕೇಳಿದರೆ ಹೇಳಲಿಲ್ಲ, ಬರದ ತೆಲುಗಿನಲ್ಲಿ ಅನುರಾಧಳಿಗೆ ಹೇಳಿದೆಯಲ್ಲ, ನಾನೇನು ಮಾಡಿದ್ದೆ?

“ನೀವೇನೂ ಮಾಡಿಲ್ರಿ,” ಎಂದಳು. “ಆ ಮಾತು ಕನ್ನಡದಾಗ ಬಾಯಿಗೆ ಬರಲಿಲ್ಲ. ಕನ್ನಡದಾಗ ನಾ ನಮ್ಮವ್ವನ ಕೂಡ ಮಾತಾಡತೀನಿ. ತೆಲುಗಿನಾಗ ಹೇಳಿದ್ರ ಯಾರೋ ಬ್ಯಾರೇದವ್ರಿಗೆ ಆಗಿದ್ದು ಹೇಳಿದಂಗ ಆಗತಿತ್ತು.”

ಅರ್ಥವಾಯಿತು, ಆದರೂ ಹೊಟ್ಟೆ ತಣ್ಣಗಾಗಲಿಲ್ಲ.

ಮರುವರ್ಷ ನಾನು ನಿವೃತ್ತಳಾದೆ. ಕೊನೆಯ ದಿನ ಹಾರ, ಶಾಲು ಎಲ್ಲ ಮುಗಿದ ಮೇಲೆ ರೇಣುಕಾ ನನ್ನ ಕೋಣೆಗೆ ಬಂದಳು. ಊರಿಗೆ ಹೋಗಿ ಹಿಂದಿನ ದಿನವಷ್ಟೇ ವಾಪಸು ಬಂದಿದ್ದಳು. ಬಾಗಿಲು ಮುಂದೆ ಮಾಡಿ ನನ್ನ ಹತ್ತಿರ ನಿಂತಳು.

“ನಮ್ಮವ್ವಗ ಹೇಳಿದೆರಿ, ಮೇಡಂ. ಎಲ್ಲಾ ಹೇಳಿದೆ. ಕನ್ನಡದಾಗ.”

“ಏನಂದಳು?”

“ಅತ್ತಳ್ರಿ. ಆಮ್ಯಾಲ ಬೈದಳು. ಇಷ್ಟ್ ದಿನ ಇದನ್ನ ಒಬ್ಬಾಕೀನ ಹೊತಗೊಂಡು ತಿರಗಿದ್ಯಲ್ಲ ಅಂದ್ಲು. ನನ್ನ ಹಿಂದ ಕುಂತು ತಲಿ ಬಾಚಿದ್ಲು. ಹಿಂದ ಕುಂತದ್ದು ಗೊತ್ತೇ ಆಗಲಿಲ್ಲ ನೋಡ್ರಿ ನನಗ.”

ನಾನು ಅವಳ ಜಡೆ ನೋಡಿದೆ. ಎಷ್ಟೋ ತಿಂಗಳಿಂದ ತಾನೇ ಅವಸರದಲ್ಲಿ ಸುತ್ತಿಕೊಳ್ಳುತ್ತಿದ್ದ ಕೂದಲು ಅವತ್ತು ನೀಟಾಗಿ, ಬಿಗಿಯಾಗಿ ಹೆಣೆದಿತ್ತು. ಯಾದಗಿರಿಯ ಯಾವುದೋ ಹಳ್ಳಿಯಲ್ಲಿರುವ, ನಾನು ಎಂದೂ ನೋಡದ ಆ ತಾಯಿಯ ಮೇಲೆ ನನಗೆ ಆದಷ್ಟು ಹೊಟ್ಟೆಕಿಚ್ಚು ಜೀವನದಲ್ಲಿ ಮತ್ತಾರ ಮೇಲೂ ಆಗಿಲ್ಲ.